ಮಧುಮೇಹವುಳ್ಳ ಮಕ್ಕಳಿಗೆ ಸಮದುಃಖಿಗಳ ಸಂಗ

ಶಾಲೆಯ ಸ್ಮರಣ ಸಂಪುಟದಲ್ಲಿ ವರ್ಷದ ಫಲಿತಾಂಶ, ಆಟೋಟಗಳಲ್ಲಿ ಗಳಿಸಿದ ಪಾರಿತೋಷಕಗಳು, ಹೊಸದಾಗಿ ಎದ್ದುನಿಂತ ಕೊಠಡಿಗಳು, ದಾನಿಗಳ ನಾಮಾವಳಿ ಇವುಗಳಿಗೆ ಸ್ಥಾನ ದೊರೆಯುವುದು ಯುಕ್ತವೇ ಆಗಿದೆ. ಬಹುಸಂಖ್ಯೆಯ ಮಕ್ಕಳ ಏಳಿಗೆಯನ್ನು ಅಳೆಯಲು ಇವು ತಕ್ಕ ಮಾನದಂಡಗಳು. ಆದರೆ ಈ ಯಾವ ಪಟ್ಟಿಯಲ್ಲಿಯೂ ಲೆಕ್ಕಕ್ಕೆ ಬಾರದ, ಸಂಖ್ಯೆಯಲ್ಲಿ ತೀರ ಅಲ್ಪರಾದ ಕೆಲವು ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರು ದಿನಕ್ಕೆ ಮೂರು ನಾಲ್ಕು ಸಲ ತಮ್ಮ ಮೈಗೆ ತಾವೇ ಸೂಜಿ ಚುಚ್ಚಿಕೊಂಡು, ಉಣ್ಣುವ ತುತ್ತನ್ನು ಲೆಕ್ಕ ಹಾಕಿ, ಬಳಿಕ ಉಳಿದವರೊಡನೆ ಅದೇ ಬೆಂಚಿನ ಮೇಲೆ ಕುಳಿತು ಅದೇ ಪಾಠವನ್ನು ಓದುತ್ತಾರೆ. ಬಾಲ್ಯದಲ್ಲಿಯೇ ಮಧುಮೇಹಕ್ಕೆ ಒಳಗಾದ ಈ ಮಕ್ಕಳ ವಿಷಯವಾಗಿ ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಒಂದು ವಿಚಾರವನ್ನು ಇಡುವುದು ಈ ಲೇಖನದ ಉದ್ದೇಶ.

ಆ ವಿಚಾರವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಲೇಸು. ಇಂಥ ಮಗುವಿಗೆ ವೈದ್ಯರು ಔಷಧಿ ಕೊಡಬಲ್ಲರು. ತಂದೆತಾಯಿಗಳು ಆರೈಕೆ ಮಾಡಬಲ್ಲರು. ಅಧ್ಯಾಪಕರು ಸಹಾನುಭೂತಿ ತೋರಬಲ್ಲರು. ಆದರೆ ತನ್ನಂತೆಯೇ ಸೂಜಿ ಹಿಡಿದು ಬದುಕುತ್ತಿರುವ, ತನ್ನದೇ ವಯಸ್ಸಿನ ಇನ್ನೊಂದು ಮಗುವಿನ ಸ್ನೇಹವನ್ನು ಇವರಲ್ಲಿ ಯಾರೂ ಒಬ್ಬೊಬ್ಬರಾಗಿ ತಂದುಕೊಡಲಾರರು. ಅದನ್ನು ತಂದುಕೊಡುವ ಶಕ್ತಿ ಇರುವುದು ಅನೇಕ ಊರುಗಳಲ್ಲಿ ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸಿಕೊಂಡು ಬಂದಿರುವ ನಮ್ಮಂಥ ಸಂಸ್ಥೆಗಳಿಗೆ. ಶಕ್ತಿಯಿದ್ದ ಮೇಲೆ ಅದು ಕರ್ತವ್ಯವೂ ಆಗುತ್ತದೆಂದು ನನ್ನ ನಂಬಿಕೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯೋಣ. ಸಕ್ಕರೆ ಕಾಯಿಲೆಯೆಂದರೆ ನಲವತ್ತು ದಾಟಿದವರ, ಕುಳಿತು ಉಣ್ಣುವವರ ರೋಗವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯ ಬಗೆಯ ಮಧುಮೇಹ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ರೀತಿಯೇ ಬೇರೆ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ರಸವನ್ನು ಸ್ರವಿಸುವ ಜೀವಕೋಶಗಳಿವೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಕೋಶಗಳನ್ನು ನಾಶಮಾಡುತ್ತದೆ. ಇನ್ಸುಲಿನ್ ಇಲ್ಲದ ದೇಹವು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳಲಾರದು. ಮಗು ಎಷ್ಟು ಉಂಡರೂ ಕೃಶವಾಗುತ್ತದೆ, ನೀರಡಿಕೆ ತಣಿಯುವುದಿಲ್ಲ, ಮೇಲಿಂದ ಮೇಲೆ ಮೂತ್ರಕ್ಕೆ ಏಳುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಈ ರೋಗವು ಸಿಹಿ ತಿಂದುದರಿಂದ ಬಂದುದಲ್ಲ, ತಾಯಿಯ ಅಲಕ್ಷ್ಯದಿಂದ ಬಂದುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಇನ್ಸುಲಿನ್ನಿನ ಚುಚ್ಚುಮದ್ದನ್ನು ಪ್ರತಿನಿತ್ಯವೂ, ಜೀವನದುದ್ದಕ್ಕೂ ತೆಗೆದುಕೊಳ್ಳಬೇಕು. ಅದರ ಸ್ಥಾನವನ್ನು ಯಾವ ಗುಳಿಗೆಯೂ ಯಾವ ಕಷಾಯವೂ ತುಂಬಲಾರದು.

ನಮ್ಮ ಪ್ರಾಚೀನ ವೈದ್ಯರು ಪ್ರಮೇಹದ ರೋಗಿಗಳಲ್ಲಿ ಸ್ಥೂಲರು, ಕೃಶರು ಎಂಬ ಭೇದವನ್ನು ಗುರುತಿಸಿದ್ದರು. ಚರಕ ಸಂಹಿತೆಯಲ್ಲಿ ಈ ವಿಭಾಗವಿದೆ. ಆದರೆ ಇನ್ಸುಲಿನ್ ದೊರೆಯುವವರೆಗೆ ಮೊದಲನೆಯ ಬಗೆಯ ಮಧುಮೇಹಕ್ಕೆ ತುತ್ತಾದ ಮಗುವನ್ನು ಬದುಕಿಸುವ ಉಪಾಯ ಯಾವ ದೇಶದ ವೈದ್ಯರಲ್ಲಿಯೂ ಇರಲಿಲ್ಲ. ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮೆಕ್ಲಿಯಡ್, ಕಾಲಿಪ್ ಎಂಬವರ ಶ್ರಮದಿಂದ 1921-22ರಲ್ಲಿ ಈ ಔಷಧಿ ಸಿದ್ಧವಾಯಿತು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಕೊಡಲಾಯಿತು. ಆ ಸಲ ಫಲ ಕಾಣಲಿಲ್ಲ. ಕಾಲಿಪ್ಪರು ಇನ್ನಷ್ಟು ಶುದ್ಧಗೊಳಿಸಿದ ರಸವನ್ನು ಜನವರಿ 23ರಂದು ಕೊಟ್ಟಾಗ ಬಾಲಕನು ಚೇತರಿಸಿಕೊಂಡನು. ಶೋಧಕರು ಇದರ ಹಕ್ಕನ್ನು ಕೇವಲ ಒಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರೆಂಬುದು ದಾನಿಗಳೆಲ್ಲರೂ ನೆನೆಯತಕ್ಕ ಸಂಗತಿ.

ಹೀಗೆ ಪ್ರಾಣವೇನೋ ಉಳಿಯಿತು. ಆದರೆ ಪ್ರಾಣ ಉಳಿದ ಮಗುವು ಬದುಕನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆ ಅಂದೇ ಎದ್ದಿತು. ಅದಕ್ಕೆ ಅಂದಿನವರು ಕೊಟ್ಟುಕೊಂಡ ಎರಡು ವಿಧದ ಉತ್ತರಗಳು ನಮ್ಮ ವಿಚಾರಕ್ಕೆ ಬೆಳಕು ನೀಡುತ್ತವೆ.

ಮೊದಲ ಉತ್ತರ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಯದು. ಈಕೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸರ ಮಗಳು. 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಆಕೆಗೆ ಮಧುಮೇಹ ಕಾಣಿಸಿಕೊಂಡಿತು. ಆಗ ಇದ್ದ ಚಿಕಿತ್ಸೆಯೆಂದರೆ ಅರೆಹೊಟ್ಟೆಯಲ್ಲಿರಿಸಿ ದಿನ ದೂಡುವುದು. 1922ರ ಆಗಸ್ಟಿನಲ್ಲಿ ಬ್ಯಾಂಟಿಂಗರ ಬಳಿಗೆ ಬರುವಾಗ ಹದಿನೈದರ ಹೊಸ್ತಿಲಲ್ಲಿದ್ದ ಆಕೆಯ ತೂಕ ಸುಮಾರು 20 ಕಿಲೋಗ್ರಾಂ. ಇನ್ಸುಲಿನ್ನಿನಿಂದ ಆಕೆ ಬದುಕಿದಳು, ಓದಿದಳು, ಸಂಸಾರವಂದಿಗಳಾದಳು, 1981ರಲ್ಲಿ ತನ್ನ 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಔಷಧಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಜಯ ಬೇಕಿಲ್ಲ. ಆದರೆ ಆ ದೀರ್ಘ ಜೀವನದಲ್ಲಿ ಆಕೆ ತನ್ನ ರೋಗವನ್ನು ಸುತ್ತಲಿನವರಿಂದ ಮರೆಮಾಡಿಯೇ ನಡೆದಳು. ತಂದೆಯ ಕಾಗದಪತ್ರಗಳಲ್ಲಿದ್ದ ಅದರ ಉಲ್ಲೇಖಗಳನ್ನು ಕೂಡ ಅಳಿಸಿಹಾಕಿದಳು. ವಿದ್ಯೆ, ಐಶ್ವರ್ಯ, ಕೀರ್ತಿವಂತ ಮನೆತನ ಎಲ್ಲವೂ ಇದ್ದ ಹೆಣ್ಣುಮಗಳಿಗೇ ಈ ಗುಟ್ಟಿನ ಹೊರೆ ಇಷ್ಟಾಗಿದ್ದರೆ, ಹಳ್ಳಿಯಿಂದ ಬಂದು ಪ್ರಸಾದನಿಲಯದಲ್ಲಿ ನೆಲೆಸಿರುವ ಮಗುವಿಗೆ ಎಷ್ಟಾಗಿರಬೇಡ?

ಎರಡನೆಯ ಉತ್ತರ ಇದಕ್ಕೆ ತೀರ ಭಿನ್ನ. ಲಂಡನ್ನಿನ ವೈದ್ಯರಾದ ಆರ್. ಡಿ. ಲಾರೆನ್ಸರು ಸ್ವತಃ ಮಧುಮೇಹಿಗಳು. 1923ರಲ್ಲಿ ಸಾವಿನ ಅಂಚಿನಲ್ಲಿದ್ದಾಗ ಇನ್ಸುಲಿನ್ ಪಡೆದು ಉಳಿದವರು. ಅವರೂ ಅವರ ರೋಗಿಯಾಗಿದ್ದ ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸರೂ ಕೂಡಿ 1934ರಲ್ಲಿ ಮಧುಮೇಹಿಗಳದೇ ಒಂದು ಸಂಘವನ್ನು ಸ್ಥಾಪಿಸಿದರು. ರೋಗವನ್ನು ಮುಚ್ಚಿಡುವ ಬದಲು ಅದುಳ್ಳವರು ಒಂದೆಡೆ ಸೇರಿ ಪರಸ್ಪರ ನೆರವಾಗಬೇಕೆಂಬುದು ಅವರ ಮಾರ್ಗ. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ 1925ರಲ್ಲಿಯೇ, ಇನ್ಸುಲಿನ್ ಬಂದ ಮೂರು ವರ್ಷಗಳೊಳಗೆ, ಡಾಕ್ಟರ್ ವೆಂಟ್ ಎಂಬವರು ಮಧುಮೇಹವುಳ್ಳ ಮಕ್ಕಳಿಗಾಗಿ ಬೇಸಿಗೆ ಶಿಬಿರವನ್ನು ಏರ್ಪಡಿಸಿದ್ದರು. ಅಂಥ ಶಿಬಿರಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತಿವೆ. ಅಲ್ಲಿ ಮಕ್ಕಳು ಈಜುತ್ತಾರೆ, ಬೆಟ್ಟ ಹತ್ತುತ್ತಾರೆ, ಊಟಕ್ಕೆ ಮುನ್ನ ಒಟ್ಟಿಗೆ ಕುಳಿತು ಸೂಜಿ ಹಾಕಿಕೊಳ್ಳುತ್ತಾರೆ. ಶಾಲೆಯಲ್ಲಿ ಒಂಟಿಯಾಗಿದ್ದ ಮಗುವು ಅಲ್ಲಿ ಎಲ್ಲರಂತೆ ಒಂದಾಗುತ್ತದೆ.

ಇದು ಪರದೇಶದ ಮಾತಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಬೇರೊಂದು ಆಜೀವ ರೋಗದ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ಉಜ್ಜ್ವಲ ಉದಾಹರಣೆಯಿದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗವುಳ್ಳವರಿಗಾಗಿ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ ಡಾ. ಸುರೇಶ ಹನಗವಾಡಿಯವರು ಸ್ವತಃ ಆ ರೋಗವುಳ್ಳವರು. ಅದೇ ರೋಗದವರ ಜಾಗತಿಕ ಒಕ್ಕೂಟವನ್ನು 1963ರಲ್ಲಿ ಸ್ಥಾಪಿಸಿದ ಫ್ರಾಂಕ್ ಶ್ನಾಬೆಲ್ಲರೂ ಹಾಗೆಯೇ. ರೋಗವನ್ನು ತಾನೇ ಅನುಭವಿಸಿದವನು ಇನ್ನೊಬ್ಬನ ಕೈಹಿಡಿದಾಗ ಆ ಕೈಯಲ್ಲಿ ಬೇರೆಯೇ ಬಲವಿರುತ್ತದೆ.

ಈಗ ನಮ್ಮ ಶಾಲೆಗಳ ವಾಸ್ತವ ಸ್ಥಿತಿಗೆ ಬರೋಣ. ಮೊದಲನೆಯ ಬಗೆಯ ಮಧುಮೇಹವುಳ್ಳ ಮಕ್ಕಳು ಅತ್ಯಧಿಕ ಸಂಖ್ಯೆಯಲ್ಲಿರುವ ದೇಶಗಳಲ್ಲಿ ಭಾರತವೂ ಒಂದು. ಆದರೂ ಅವರು ಒಂದೆಡೆ ಗುಂಪಾಗಿಲ್ಲ. ಒಂದು ಶಾಲೆಯಲ್ಲಿ ಅಂಥ ಒಂದು ಮಗು ಇದ್ದೀತು. ಅನೇಕ ಶಾಲೆಗಳಲ್ಲಿ ಒಂದೂ ಇರಲಿಕ್ಕಿಲ್ಲ. ಹೀಗಾಗಿ ಪ್ರತಿಯೊಂದು ಮಗುವೂ ಈ ಲೋಕದಲ್ಲಿ ತನಗೊಬ್ಬನಿಗೇ ಇಂಥ ಪಾಡು ಬಂದಿದೆಯೆಂದು ತಿಳಿದು ಬೆಳೆಯುತ್ತದೆ. ತಂದೆತಾಯಿಗಳು ಎಷ್ಟೇ ಪ್ರೀತಿಸಿದರೂ ಆ ಒಂಟಿತನವನ್ನು ಕಳೆಯಲಾರರು. ಏಕೆಂದರೆ ಅವರೂ ಊರಿನಲ್ಲಿ ಒಂಟಿಗಳೇ. ಆದರೆ ಹತ್ತಾರು ಶಾಲೆಗಳ, ನೂರಾರು ಅಧ್ಯಾಪಕರ, ಸಾವಿರಾರು ವಿದ್ಯಾರ್ಥಿಗಳ ಒಂದು ವಿದ್ಯಾಸಂಸ್ಥೆಯು ಮನಸ್ಸು ಮಾಡಿ ವಿಚಾರಿಸಿದರೆ ಅಲ್ಲೊಬ್ಬ, ಇಲ್ಲೊಬ್ಬಳು ಎಂದು ಕೆಲವರಾದರೂ ಸಿಕ್ಕುತ್ತಾರೆ. ಅವರನ್ನು ಒಂದೆಡೆ ಕೂಡಿಸುವುದಕ್ಕೆ ಬೇಕಾದುದು ಒಂದು ದಿನ, ಒಂದು ಕೋಣೆ ಮತ್ತು ಬಸ್ಸಿನ ಖರ್ಚು ಮಾತ್ರ.

ಸಮದುಃಖಿಯ ಸಂಗದಿಂದ ಆಗುವ ಪ್ರಯೋಜನವನ್ನು ತಿಳಿಸಲು ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಏಳನೆಯ ತರಗತಿಯ ಹುಡುಗನೊಬ್ಬ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ. ಬೆಳಿಗ್ಗೆ ಮತ್ತು ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸೂಜಿ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನದ್ದನ್ನು ಮಾತ್ರ, ಹತ್ತು ಜನರು ನೋಡುವರೆಂಬ ನಾಚಿಕೆಯಿಂದ ಬಿಟ್ಟುಬಿಡುತ್ತಿದ್ದ. ವೈದ್ಯರಿಗೆ ತೋರಿಸುವ ಪುಸ್ತಕದಲ್ಲಿ ಒಪ್ಪುವಂಥ ಅಂಕಿಗಳನ್ನು ತಾನೇ ತುಂಬುತ್ತಿದ್ದ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯಿಂದ ಈ ಸುಳ್ಳು ಬಯಲಾಗುತ್ತಿತ್ತು. ವೈದ್ಯರು ಗದರಿಸಿದರು, ತಂದೆ ಹೊಡೆದನು, ತಾಯಿ ಅತ್ತಳು. ಹುಡುಗ ಬದಲಾಗಲಿಲ್ಲ. ಒಂದು ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಅದೇ ರೋಗವುಳ್ಳ ಪಿ.ಯು.ಸಿ. ವಿದ್ಯಾರ್ಥಿಯೊಬ್ಬ ಅವನ ಪಕ್ಕದಲ್ಲಿ ಕುಳಿತ. ಪುಸ್ತಕದ ಪುಟವನ್ನು ಓರೆಗಣ್ಣಿನಿಂದ ನೋಡಿ ನಕ್ಕು, "ನಾನೂ ಎರಡು ವರ್ಷ ಹಿಂಗ ಬರದೀನಿ. ಬರದರ ಸಕ್ಕರಿ ಇಳಿಯಂಗಿಲ್ಲೋ ತಮ್ಮಾ" ಎಂದ. ಬಳಿಕ ಎಲ್ಲರ ಎದುರಿಗೇ ಅಂಗಿಯನ್ನು ಎತ್ತಿ, ಹೊಟ್ಟೆಯ ಮೇಲೆ ಸ್ಥಳ ಬದಲಿಸಿ ಬದಲಿಸಿ ಸೂಜಿ ಹಾಕಿಕೊಳ್ಳುವ ಕ್ರಮವನ್ನು ತೋರಿಸಿದ. ಅಂದಿನಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆದರೆ ಮಧ್ಯಾಹ್ನದ ಸೂಜಿ ಮತ್ತೆ ಪ್ರಾರಂಭವಾಯಿತು. ಪುಸ್ತಕದಲ್ಲಿ ಕೆಟ್ಟ ಅಂಕಿಗಳೂ ಕಾಣತೊಡಗಿದವು. ಕೆಟ್ಟ ಅಂಕಿ ನಿಜವಾಗಿ ಕಾಣಿಸಿದಾಗ ಮಾತ್ರ ವೈದ್ಯರು ಔಷಧಿಯ ಪ್ರಮಾಣವನ್ನು ಸರಿಪಡಿಸಬಲ್ಲರು.

ವೈದ್ಯರ ಮಾತಿಗೂ ಆ ತರುಣನ ಮಾತಿಗೂ ಇದ್ದ ಅಂತರವನ್ನು ನಾವು ವಿಚಾರಿಸಬೇಕು. ವೈದ್ಯರು ಹೇಳಿದುದು ಸತ್ಯವೇ. ಆದರೆ ಅವರ ಎದುರಿಗೆ ಮಗು ಅಪರಾಧಿಯಂತೆ ನಿಲ್ಲುತ್ತದೆ. ಸಮದುಃಖಿಯ ಮುಂದೆ ಅಪರಾಧಿಯ ಭಾವ ಇರುವುದಿಲ್ಲ. ತನಗಿಂತ ನಾಲ್ಕು ವರ್ಷ ಹಿರಿಯನಾದವನು ಅದೇ ರೋಗದೊಡನೆ ಓದುತ್ತ, ನಗುತ್ತ, ಸೈಕಲ್ಲು ತುಳಿಯುತ್ತ ಇರುವುದನ್ನು ಕಂಡಾಗ ಮುಂದೆ ತನಗೂ ಒಂದು ಭವಿಷ್ಯವಿದೆಯೆಂಬ ಧೈರ್ಯ ಹುಟ್ಟುತ್ತದೆ. ಜಾತ್ರೆಗೆ ಹೋಗುವಾಗ ಜೇಬಿನಲ್ಲಿ ಏನಿರಬೇಕು, ಪರೀಕ್ಷೆಯ ಹಿಂದಿನ ರಾತ್ರಿ ಸಕ್ಕರೆ ಏರಿದರೆ ಏನು ಮಾಡಬೇಕು, ಗೆಳೆಯರು ಕೇಳಿದರೆ ಏನು ಹೇಳಬೇಕು ಎಂಬ ಸಣ್ಣ ಸಣ್ಣ ಸಂಗತಿಗಳನ್ನು ಅಂಥವರಿಂದಲೇ ಕಲಿಯಬೇಕು. ಇಂಥ ಕೂಟಗಳಲ್ಲಿ ತಾಯಂದಿರೂ ಒಂದು ಮೂಲೆಯಲ್ಲಿ ಕುಳಿತು ತಮ್ಮ ತಮ್ಮ ದುಃಖವನ್ನು ಹಂಚಿಕೊಳ್ಳುವರು. ತನ್ನಿಂದಲೇ ಮಗುವಿಗೆ ಹೀಗಾಯಿತೆಂಬ ಮಿಥ್ಯಾಭಾವನೆ ಅಲ್ಲಿ ಕರಗುವುದು. ಇದೇನೂ ಕಡಿಮೆ ಲಾಭವಲ್ಲ.

ಸಮದುಃಖಿಗಳ ಕೂಟ ವರ್ಷದಲ್ಲಿ ಎರಡು ಮೂರು ದಿನಗಳದು. ಉಳಿದ ದಿನಗಳಲ್ಲಿ ಮಗುವಿನ ಪಕ್ಕದಲ್ಲಿರುವವರು ತರಗತಿಯ ಸಹಪಾಠಿಗಳು. ಇವರನ್ನೂ ಸಿದ್ಧಗೊಳಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಊಟ ತಡವಾದರೆ, ಬಿಸಿಲಿನಲ್ಲಿ ಕವಾಯತು ದೀರ್ಘವಾದರೆ, ಆಟ ಹೆಚ್ಚಾದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಂಭವವುಂಟು. ಪ್ರಸಾದನಿಲಯದ ಪಂಕ್ತಿಯಲ್ಲಿ ಸೂಜಿ ಹಾಕಿಕೊಂಡು ಕುಳಿತ ಮಗುವಿಗೆ ಬಡಿಸುವುದು ಅರ್ಧ ಗಂಟೆ ತಡವಾದರೂ ತೊಂದರೆಯೇ. ಶಿವರಾತ್ರಿಯ ದಿನ ಎಲ್ಲರೂ ಉಪವಾಸವಿದ್ದಾಗ ತಾನೊಬ್ಬನೇ ಉಣ್ಣಲು ನಾಚಿ, ವೈದ್ಯರನ್ನು ಕೇಳದೆ ಉಪವಾಸ ಮಾಡುವ ಮಗುವೂ ಅಪಾಯಕ್ಕೆ ಒಳಗಾಗುತ್ತದೆ. ಬೆವರು, ನಡುಕ, ಮಂಕು, ಕಾರಣವಿಲ್ಲದ ಸಿಡುಕು, ತೊದಲು ಮಾತು ಇವು ಸಕ್ಕರೆ ಇಳಿದುದರ ಚಿಹ್ನೆಗಳು. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕೂಡಲೇ ಸುಮಾರು 15 ಗ್ರಾಂ, ಅಂದರೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಅನಂತರ ಮತ್ತೆ ಪರೀಕ್ಷಿಸಬೇಕು. ಮೈಮರೆತಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಆರನೆಯ ತರಗತಿಯ ಮಗುವಿಗೂ ಕಲಿಸಬಹುದು. ಮಂಕು ಕವಿದ ಗೆಳೆಯನನ್ನು ಅಧ್ಯಾಪಕರಿಗಿಂತ ಮೊದಲು ಗುರುತಿಸುವವನು ಪಕ್ಕದಲ್ಲಿ ಕುಳಿತ ಗೆಳೆಯನೇ.

ಇಲ್ಲಿ ಅಧ್ಯಾಪಕರಲ್ಲಿ ಒಂದು ವಿನಂತಿ. ದಯೆಯಿಂದಲೇ ಆದರೂ ಇಂಥ ಮಕ್ಕಳನ್ನು ಆಟದ ಬಯಲಿನಿಂದ, ಪ್ರವಾಸದಿಂದ, ಸಹಭೋಜನದಿಂದ ದೂರವಿಡಬಾರದು. ಹೀಗೆ ದೂರವಿಟ್ಟರೆ ರೋಗವು ಕೊಡದ ಶಿಕ್ಷೆಯನ್ನು ನಾವು ಕೊಟ್ಟಂತಾಗುತ್ತದೆ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮ್ ಅವರಿಗೆ ಮಧುಮೇಹವೆಂದು ತಿಳಿದುದು 1997ರಲ್ಲಿ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ, 2003ರ ವಿಶ್ವಕಪ್ಪಿನಲ್ಲಿ ಒಂದು ದಿನದ ಪಂದ್ಯಗಳ 500ನೆಯ ವಿಕೆಟ್ಟನ್ನು ಪಡೆದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಅವರು 1999ರಲ್ಲಿ ಈ ರೋಗಕ್ಕೆ ಒಳಗಾದ ಬಳಿಕವೂ 2000 ಮತ್ತು 2004ರ ಒಲಿಂಪಿಕ್ಸುಗಳಲ್ಲಿ ಸ್ವರ್ಣಪದಕ ಗಳಿಸಿದರು. ನಮ್ಮ ದೇಶದ ಶಿಕ್ಷಣಾಧಿಕಾರಿಗಳೂ ಈ ದಿಶೆಯಲ್ಲಿ ಕಣ್ಣು ತೆರೆದಿದ್ದಾರೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿ ಮಧುಮೇಹವುಳ್ಳ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ಸಕ್ಕರೆಯ ಗುಳಿಗೆ, ಹಣ್ಣು, ಲಘು ಆಹಾರ, ನೀರು ಒಯ್ಯಲು ಅನುಮತಿ ನೀಡಿತು. 2023ರಲ್ಲಿ ಉತ್ತರ ಪ್ರದೇಶದ ಶಿಕ್ಷಣ ಇಲಾಖೆಯು ಇಂಥ ಮಕ್ಕಳಿಗೆ ತರಗತಿಯಲ್ಲಿ ರಕ್ತ ಪರೀಕ್ಷಿಸಿಕೊಳ್ಳಲು, ಸೂಜಿ ಹಾಕಿಕೊಳ್ಳಲು, ನಡುವೆ ತಿನಿಸು ತಿನ್ನಲು ಅವಕಾಶವಿರಬೇಕೆಂದು ಶಾಲೆಗಳಿಗೆ ಸೂಚಿಸಿತು. ಆಜ್ಞೆ ಬರುವವರೆಗೆ ಕಾಯುವುದು ನಮ್ಮಂಥ ಸಂಸ್ಥೆಗಳಿಗೆ ಶೋಭಿಸುವುದಿಲ್ಲ.

ಈ ವಿಚಾರಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ಪರಿಶೀಲಿಸೋಣ. ರೋಗವುಳ್ಳ ಮಕ್ಕಳನ್ನೇ ಒಂದೆಡೆ ಕೂಡಿಸಿದರೆ ಅವರಲ್ಲಿ ತಾವು ರೋಗಿಗಳೆಂಬ ಭಾವನೆ ಬಲಿಯುವುದಿಲ್ಲವೆ ಎಂದು ಕೆಲವರು ಕೇಳುವರು. ಮಗುವನ್ನು ಸದಾಕಾಲ ಅಂಥವರ ನಡುವೆಯೇ ಇರಿಸಿದರೆ ಈ ಭಯ ಸಾಧುವೇ. ನಾನು ಹೇಳುತ್ತಿರುವುದು ವರ್ಷಕ್ಕೆ ಎರಡು ಬಾರಿಯ ಕೂಟವನ್ನು; ಆಟ, ಊಟ, ಹಾಡುಗಳ ನಡುವೆ ರೋಗದ ಮಾತೂ ಸಹಜವಾಗಿ ಬರುವಂಥ ಕೂಟವನ್ನು. ಮಕ್ಕಳು ಮಕ್ಕಳಿಗೆ ತಪ್ಪು ಸಲಹೆ ಕೊಟ್ಟರೆ ಏನು ಗತಿಯೆಂಬುದು ಇನ್ನೊಂದು ಸಂದೇಹ. ಇದು ನಿಜವಾದ ಸಂದೇಹವೇ. ಔಷಧಿಯ ಪ್ರಮಾಣವನ್ನು ಒಬ್ಬರನ್ನು ನೋಡಿ ಒಬ್ಬರು ಬದಲಿಸಕೂಡದು. ಆದುದರಿಂದ ಕೂಟದಲ್ಲಿ ಒಬ್ಬ ವೈದ್ಯರೋ ಅನುಭವವುಳ್ಳ ದಾದಿಯೋ ಅವಶ್ಯವಾಗಿ ಇರಬೇಕು.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗುರುತರವಾದುದು. ಹೆಣ್ಣುಮಕ್ಕಳ ತಂದೆತಾಯಿಗಳು ವಿವಾಹದ ಭಯದಿಂದ ರೋಗವನ್ನು ಬಚ್ಚಿಡುತ್ತಾರೆ. ನಾಳೆ ಸಂಬಂಧ ತಪ್ಪಿದರೆ ಆ ನಷ್ಟವನ್ನು ಶಾಲೆ ತುಂಬಿಕೊಟ್ಟೀತೆ ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಸುಲಭವಾದ ಉತ್ತರವಿಲ್ಲ. ಅವರನ್ನು ಮೂಢರೆಂದು ಜರೆಯುವುದು ಅನ್ಯಾಯ. ತಪ್ಪಿರುವುದು ಅಂಥ ಭಯವನ್ನು ಹುಟ್ಟಿಸಿದ ಸಮಾಜದಲ್ಲಿ. ಆ ಸಮಾಜದಲ್ಲಿ ನಾವೂ ಇದ್ದೇವೆ. ಆದುದರಿಂದ ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂಬುದು ಮಗುವಿನ ಮತ್ತು ತಂದೆತಾಯಿಗಳ ಅಧಿಕಾರಕ್ಕೆ ಬಿಟ್ಟ ವಿಷಯವಾಗಿರಬೇಕು. ನಿಲಯಪಾಲಕರಿಗೂ ತರಗತಿಯ ಅಧ್ಯಾಪಕರಿಗೂ ತಿಳಿದಿರುವುದು ಪ್ರಾಣರಕ್ಷಣೆಗೆ ಅನಿವಾರ್ಯ. ಅದಕ್ಕೂ ಆಚೆಗೆ ಒಪ್ಪಿಗೆಯಿಲ್ಲದೆ ಒಂದು ಮಾತೂ ಹೋಗಕೂಡದು. ಇಷ್ಟು ಭರವಸೆ ಕೊಟ್ಟರೆ ಹಲವರು ಮುಂದೆ ಬರುವರು, ಬಾರದವರನ್ನು ಒತ್ತಾಯಿಸಬಾರದು. ಮದುವೆಯಾಗಿ ಸಂಸಾರ ನಡೆಸುತ್ತಿರುವ ಮಧುಮೇಹಿ ಸೋದರಿಯೊಬ್ಬಳು ಕೂಟಕ್ಕೆ ಬಂದು ಆ ತಾಯಂದಿರೊಡನೆ ಅರ್ಧ ಗಂಟೆ ಕುಳಿತರೆ, ನಮ್ಮ ಹತ್ತು ಭಾಷಣಗಳಿಂದ ಆಗದ ಕೆಲಸ ಆಗುತ್ತದೆ.

ಹಾಗಾದರೆ ಮಾಡತಕ್ಕುದೇನು? ಪ್ರವೇಶದ ವೇಳೆ ಮಕ್ಕಳ ಆರೋಗ್ಯವನ್ನು ಗೋಪ್ಯವಾಗಿ ವಿಚಾರಿಸುವ ಪದ್ಧತಿ ಬರಲಿ. ಆದರೆ ರೋಗವಿದೆಯೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರಸಾದನಿಲಯದ ಬಾಗಿಲು ಮುಚ್ಚದಿರಲಿ. ಹೊಣೆ ಯಾರದೆಂಬ ಅಳುಕಿನಿಂದ ಸ್ಥಳವಿಲ್ಲವೆಂದು ಹೇಳಿ ಕಳುಹಿಸಿದರೆ, ಆ ಮಗುವಿನ ಓದು ಅಲ್ಲಿಗೇ ನಿಂತುಹೋಗಬಹುದು. ಪ್ರತಿ ನಿಲಯದಲ್ಲಿ ಇನ್ಸುಲಿನ್ ಇರಿಸಲು ಚಿಕ್ಕ ಶೈತ್ಯಪೆಟ್ಟಿಗೆಯಿರಲಿ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು, ಹೆಪ್ಪುಗಟ್ಟಿದುದನ್ನು ಬಳಸಬಾರದು. ರಜೆಯಲ್ಲಿ ಊರಿಗೆ ಹೋದಾಗ ಶೈತ್ಯಪೆಟ್ಟಿಗೆಯಿಲ್ಲದ ಮನೆಯಲ್ಲಿ ಒದ್ದೆ ಮಾಡಿದ ಮಣ್ಣಿನ ಮಡಕೆಯ ತಂಪಿನಲ್ಲಿ ಇಡುವ ಕ್ರಮವನ್ನೂ ಕಲಿಸೋಣ. ಮಗುವಿನ ಇಚ್ಛೆಯಂತೆ ಇಬ್ಬರು ಗೆಳೆಯರನ್ನು ಆರಿಸಿ ಅವರಿಗೆ ತುರ್ತು ಕ್ರಮಗಳನ್ನು ತಿಳಿಸೋಣ. ನಮ್ಮ ಎಲ್ಲ ಶಾಲೆಗಳ ಮುಖ್ಯೋಪಾಧ್ಯಾಯರೂ ಕೂಡಿ ಇಂಥ ಮಕ್ಕಳನ್ನು ಗುರುತಿಸಿ, ವರ್ಷಕ್ಕೆ ಎರಡು ಸಲ ಒಂದೆಡೆ ಸೇರಿಸೋಣ. ಕೂಟದಲ್ಲಿ ಹುಟ್ಟಿದ ಸ್ನೇಹ ಅಲ್ಲಿಗೇ ಮುಗಿಯದಂತೆ, ನಿಲಯದ ಮಗುವಿನ ಕೈಯಲ್ಲಿ ಮೊಬೈಲು ಇರುವುದಿಲ್ಲವಾದ ಕಾರಣ, ಭಾನುವಾರಕ್ಕೊಮ್ಮೆ ನಿಲಯಪಾಲಕರ ದೂರವಾಣಿಯಿಂದ ಮಾತಾಡುವ ಅವಕಾಶವನ್ನು ಕಲ್ಪಿಸೋಣ.

ಹಳೆಯ ವಿದ್ಯಾರ್ಥಿಗಳ ಪಾಲು ಇಲ್ಲಿ ವಿಶೇಷವಾದುದು. ನಿಮ್ಮಲ್ಲಿ ವೈದ್ಯರಾದವರು ಒಂದು ದಿನವನ್ನು ಈ ಕೂಟಕ್ಕೆ ಕೊಡಬಹುದು. ಅದಕ್ಕಿಂತಲೂ ಮುಖ್ಯವಾಗಿ, ಬಾಲ್ಯದಿಂದ ಈ ರೋಗದೊಡನೆ ಬಾಳಿ ಇಂದು ಉದ್ಯೋಗಸ್ಥರಾಗಿ, ಗೃಹಸ್ಥರಾಗಿ ಇರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿರಿ. ನಿಮಗೆ ಭಾಷಣ ಬರಬೇಕಾಗಿಲ್ಲ. ಮಕ್ಕಳ ಪಂಕ್ತಿಯಲ್ಲಿ ಕುಳಿತು, ಅವರೊಡನೆ ಸೂಜಿ ಹಾಕಿಕೊಂಡು, ಅವರೊಡನೆ ಉಂಡರೆ ಸಾಕು.

ದಾನಿಗಳಲ್ಲಿ ಒಂದು ಮಾತು. ಕಟ್ಟಡಕ್ಕೆ ಕೊಟ್ಟ ದಾನ ಕಣ್ಣಿಗೆ ಕಾಣುತ್ತದೆ, ಶಿಲಾಫಲಕದ ಮೇಲೆ ಹೆಸರು ಉಳಿಯುತ್ತದೆ. ರಕ್ತ ಪರೀಕ್ಷಿಸುವ ಪಟ್ಟಿಗಳು, ಇನ್ಸುಲಿನ್ ಸೀಸೆ, ಸೂಜಿ, ಮಕ್ಕಳ ಬಸ್ಸಿನ ಖರ್ಚು ಇವು ಬಳಸಿದ ದಿನವೇ ಮುಗಿದುಹೋಗುವ ವಸ್ತುಗಳು. ಇವುಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದರೆ ಇವು ತಪ್ಪಿದರೆ ಮಗುವಿಗೆ ಆ ತಿಂಗಳೇ ಕಷ್ಟ. ಆದ್ದರಿಂದ ಒಮ್ಮೆ ಕೊಟ್ಟು ಮುಗಿಯುವ ದಾನಕ್ಕಿಂತ ಪ್ರತಿವರ್ಷ ಬಡ್ಡಿಯಿಂದ ನಡೆಯುವ ಒಂದು ಚಿಕ್ಕ ದತ್ತಿನಿಧಿ ಈ ಕಾರ್ಯಕ್ಕೆ ಹೆಚ್ಚು ಒಪ್ಪುತ್ತದೆ.

ನವೆಂಬರ್ 14ನ್ನು ನಾವು ಮಕ್ಕಳ ದಿನವೆಂದು ಆಚರಿಸುತ್ತ ಬಂದಿದ್ದೇವೆ. ಅದೇ ದಿನ ಇನ್ಸುಲಿನ್ ಶೋಧಕ ಬ್ಯಾಂಟಿಂಗರ ಜನ್ಮದಿನ. 1991ರಿಂದ ಜಗತ್ತು ಅದನ್ನು ಮಧುಮೇಹ ದಿನವೆಂದೂ ಆಚರಿಸುತ್ತಿದೆ. ನಮ್ಮ ಸಂಸ್ಥೆಯ ಮೊದಲ ಕೂಟಕ್ಕೆ ಇದಕ್ಕಿಂತ ಉಚಿತವಾದ ದಿನ ಬೇರೊಂದಿಲ್ಲ. ಬರುವ ನವೆಂಬರಿನಲ್ಲಿ ಐದೇ ಮಕ್ಕಳು ಸೇರಿದರೂ ಚಿಂತೆಯಿಲ್ಲ. ಅಂದು ಸಂಜೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುವಾಗ ಆ ಐವರಲ್ಲಿ ಒಬ್ಬರಿಗೂ ತನ್ನಂಥವರು ಯಾರೂ ಇಲ್ಲವೆಂಬ ಭಾವನೆ ಉಳಿದಿರುವುದಿಲ್ಲ. ಈ ಕಾರ್ಯವನ್ನು ಆಡಳಿತ ಮಂಡಳಿಯವರೂ ಅಧ್ಯಾಪಕ ಬಂಧುಗಳೂ ಕೈಗೆತ್ತಿಕೊಳ್ಳಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.